ಮುಖ ನೋಡಿ ಹೇಳಿದ ಅಂಕಿ

2010ರ ಸುಮಾರಿಗೆ ನಾನು ಅಮೆರಿಕದ ದಕ್ಷಿಣದ ಊರೊಂದರಲ್ಲಿ ಯಕೃತ್ತಿನ ಕಾಯಿಲೆಗಳ ವೈದ್ಯ. ಹೆಪಟೈಟಿಸ್ ಸಿಗೆ ಆಗ ಇದ್ದದ್ದು ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ರಿಬಾವಿರಿನ್ ಮಾತ್ರೆ. ಅಲ್ಲಿ ಹೆಚ್ಚಾಗಿ ಕಾಣುವ ಒಂದನೇ ಮಾದರಿಯ ವೈರಸ್ಸಾದರೆ 48 ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಕೆಲವರಿಗೆ ತೀವ್ರ ಖಿನ್ನತೆ. ಇಷ್ಟೆಲ್ಲ ಅನುಭವಿಸಿದರೂ ಗುಣವಾಗುವ ಖಾತರಿಯಿಲ್ಲ. ಹಾಗಾಗಿ ರೋಗಿಗಳು ಮೊದಲು ಕೇಳುತ್ತಿದ್ದುದೇ ‘ನನಗೆ ಎಷ್ಟು ಛಾನ್ಸ್ ಇದೆ ಡಾಕ್ಟರೇ?’ ಎಂದು.

ಐವತ್ತು ದಾಟಿದ ಕಪ್ಪು ವರ್ಣೀಯ ಬಸ್ ಚಾಲಕರೊಬ್ಬರು ಹಾಗೆ ಕೇಳಿದಾಗ ನನ್ನ ಬಳಿ ಉತ್ತರ ಸಿದ್ಧವಿತ್ತು. 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದೇ ಚಿಕಿತ್ಸೆಯಿಂದ ಬಿಳಿಯರಲ್ಲಿ ಶೇ. 52ರಷ್ಟು ಮಂದಿ ಗುಣವಾಗಿದ್ದರು, ಕಪ್ಪು ಜನರಲ್ಲಿ ಶೇ. 19. ‘ನಿಮ್ಮಂಥವರಲ್ಲಿ ಐವರಿಗೆ ಒಬ್ಬರು’ ಎಂದೆ. ಜ್ವರದಲ್ಲಿ ಬಸ್ ಓಡಿಸುವಂತಿಲ್ಲ, ರಜೆ ಹಾಕಿದರೆ ಸಂಬಳವಿಲ್ಲ. ಅವರು ಲೆಕ್ಕ ಹಾಕಿ ಚಿಕಿತ್ಸೆ ಬೇಡವೆಂದರು. ನಾನು ಒತ್ತಾಯಿಸಲಿಲ್ಲ, ರೋಗಿಯ ತೀರ್ಮಾನಕ್ಕೆ ಬೆಲೆ ಕೊಟ್ಟೆನೆಂದು ಸಮಾಧಾನ ಮಾಡಿಕೊಂಡೆ.

ಅದಕ್ಕೂ ಮೊದಲೇ, 2009ರಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಗೋಲ್ಡ್‌ಸ್ಟೈನ್ ಮತ್ತು ಸಂಗಡಿಗರ ಪ್ರಬಂಧ ‘ನೇಚರ್’ನಲ್ಲಿ ಬಂದಿತ್ತು. 19ನೇ ವರ್ಣತಂತುವಿನಲ್ಲಿ, ಐಎಲ್28ಬಿ ಜೀನಿನ ಹತ್ತಿರ, ಡಿಎನ್‌ಎಯ ಒಂದೇ ಒಂದು ಅಕ್ಷರ ಮನುಷ್ಯರಲ್ಲಿ ‘ಸಿ’ ಅಥವಾ ‘ಟಿ’ ಆಗಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ‘ಸಿ’ ಪಡೆದವರು (‘ಸಿಸಿ’), ಇಬ್ಬರಿಂದಲೂ ‘ಟಿ’ ಪಡೆದ ‘ಟಿಟಿ’ಯವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಗುಣವಾಗುತ್ತಿದ್ದರು. ಈ ‘ಸಿ’ ಪೂರ್ವ ಏಷ್ಯಾದಲ್ಲಿ ಹೇರಳ, ಯುರೋಪಿನ ಮೂಲದವರಲ್ಲಿ ಅದಕ್ಕಿಂತ ಕಡಿಮೆ, ಆಫ್ರಿಕಾ ಮೂಲದವರಲ್ಲಿ ಇನ್ನೂ ಕಡಿಮೆ. ಕಪ್ಪು, ಬಿಳಿ ರೋಗಿಗಳ ನಡುವಿನ ಅಂತರದಲ್ಲಿ ಸುಮಾರು ಅರ್ಧಕ್ಕೆ ಇದೇ ಕಾರಣ.

ಆ ಪ್ರಬಂಧವನ್ನು ನಾನು ಓದಿದ್ದೆ. ಓದಿ, ‘ಜೀನಿನಲ್ಲೇ ಇದೆಯಲ್ಲ, ನಾನು ಹೇಳಿದ್ದು ಸರಿ’ ಎಂದುಕೊಂಡೆ. ಅದೇ ದತ್ತಾಂಶ ಹೇಳುತ್ತಿದ್ದ ಇನ್ನೊಂದು ಮಾತು ನನ್ನ ತಲೆಗೆ ಹೋಗಲಿಲ್ಲ. 2010ರ ವಿಶ್ಲೇಷಣೆಯಂತೆ ‘ಸಿಸಿ’ ಇದ್ದ ಕಪ್ಪು ರೋಗಿಗಳಲ್ಲಿ ಗುಣವಾದವರು ಶೇ. 48, ‘ಟಿಟಿ’ ಇದ್ದ ಬಿಳಿಯರಲ್ಲಿ ಶೇ. 27 ಮಾತ್ರ. ಕಪ್ಪು ರೋಗಿಗಳಲ್ಲಿ ಸುಮಾರು ಏಳಕ್ಕೆ ಒಬ್ಬರು ‘ಸಿಸಿ’. ಆ ಒಬ್ಬರು ಯಾರೆಂದು ತಿಳಿಯಲು ರಕ್ತಪರೀಕ್ಷೆ ಸಾಕಿತ್ತು, ಅದು ಆ ವರ್ಷವೇ ಬಳಕೆಗೂ ಬಂತು. ಬಿಳಿಯ ರೋಗಿಗಳಿಗೆ ನಾನೇ ಬರೆದುಕೊಡುತ್ತಿದ್ದೆ. ಬಸ್ ಚಾಲಕರಿಗೆ ಬರೆಯಲಿಲ್ಲ. ಅವರ ಉತ್ತರ ನನಗೆ ಗೊತ್ತಿದೆ ಎಂದು ನಂಬಿದ್ದೆ.

ಮುಂದೆ ಬೇರೊಬ್ಬ ವೈದ್ಯೆ ಅವರಿಗೆ ಆ ಪರೀಕ್ಷೆ ಮಾಡಿಸಿದರು. ಫಲಿತಾಂಶ ‘ಸಿಸಿ’. ಅಷ್ಟರಲ್ಲಿ ಚಾಲಕರಿಗೆ ಸಿರೋಸಿಸ್, ಅಂದರೆ ಯಕೃತ್ತು ಗಾಯಗೊಂಡು ಗಟ್ಟಿಯಾಗುವುದು, ಶುರುವಾಗಿತ್ತು. ಮೊದಲೇ ಚಿಕಿತ್ಸೆ ಕೊಟ್ಟಿದ್ದರೆ ಯಕೃತ್ತು ಉಳಿಯುತ್ತಿತ್ತೆಂದು ಹೇಳಲಾರೆ. ‘ಸಿಸಿ’ ಇದ್ದ ಕಪ್ಪು ರೋಗಿಗಳಲ್ಲೂ ಅರ್ಧದಷ್ಟು ಜನರಿಗೆ ಔಷಧಿ ಹಿಡಿದಿರಲಿಲ್ಲ. ಆದರೆ ಐವರಲ್ಲಿ ಒಬ್ಬರೆಂದು ಕೇಳಿ ಹಿಂದೆ ಸರಿದ ಮನುಷ್ಯ, ಇಬ್ಬರಲ್ಲಿ ಒಬ್ಬರೆಂದಿದ್ದರೆ ಏನು ಮಾಡುತ್ತಿದ್ದರು? ಆ ತೀರ್ಮಾನ ಅವರದಾಗಬೇಕಿತ್ತು.

ಅಲ್ಲಿನ ಫಾರಂಗಳಲ್ಲಿ ನಾನೂ ಒಂದು ಗುಂಪಿನವನೇ: ‘ಏಷ್ಯನ್’. ಈ ಕಾಯಿಲೆ ನನಗೆ ಬಂದು, ಚೀನಾ, ಜಪಾನಿನವರ ಲೆಕ್ಕವನ್ನು ನನಗೆ ಒಪ್ಪಿಸಿದ್ದರೆ ಅದು ತಪ್ಪಾಗುತ್ತಿತ್ತು. ದಕ್ಷಿಣ ಏಷ್ಯಾದಲ್ಲಿ ‘ಸಿ’ ಅಷ್ಟು ಹೇರಳವಾಗಿಲ್ಲ. ಮೇಲಾಗಿ ಭಾರತದಲ್ಲಿ ಹೆಚ್ಚು ಕಾಣುವುದು ಮೂರನೇ ಮಾದರಿಯ ವೈರಸ್, ಅದರ ಮಟ್ಟಿಗೆ ಈ ಜೀನಿನ ಪ್ರಭಾವವೇ ಕಡಿಮೆ. ನನ್ನ ವಿಷಯದಲ್ಲಾದರೆ ಇಷ್ಟು ಸೂಕ್ಷ್ಮವಾಗಿ ವಾದಿಸುವ ನಾನು ಬಸ್ ಚಾಲಕರ ವಿಷಯದಲ್ಲಿ ಮೈಬಣ್ಣಕ್ಕೇ ನಿಂತೆ.

2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್‌ಬುವಿರ್‌ಗೆ ಅನುಮತಿ ಸಿಕ್ಕಿತು. ಅದರ ಜೋಡಿ ಮಾತ್ರೆಗಳು ಬಂದ ಮೇಲೆ ಸಾಮಾನ್ಯವಾಗಿ 12 ವಾರ ಸಾಕಾಯಿತು, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗತೊಡಗಿದರು, ಐಎಲ್28ಬಿ ಪರೀಕ್ಷೆ ಮೂಲೆ ಸೇರಿತು. ಬಸ್ ಚಾಲಕರ ವೈರಸ್ಸೂ ಹೋಯಿತು, ಸಿರೋಸಿಸ್ ಉಳಿಯಿತು. ಬೇರೆ ಕಾಯಿಲೆಗಳ ಔಷಧಿಗಳಿಗೆ ಜೀನ್ ಪರೀಕ್ಷೆಗಳು ಬರುತ್ತಲೇ ಇವೆ. ರೋಗಿ ಛಾನ್ಸ್ ಕೇಳಿದರೆ, ಹೇಳುವ ಅಂಕಿ ಯಾರನ್ನು ಪರೀಕ್ಷಿಸಿ ಬಂದದ್ದು ಎಂದು ಈಗ ಮೊದಲು ತಿಳಿಸುತ್ತೇನೆ. ಅವರ ಬಗ್ಗೆಯೇ ತಿಳಿಯುವ ಪರೀಕ್ಷೆಯಿದ್ದರೆ, ಅದರ ಫಲಿತಾಂಶ ಬರುವ ತನಕ ಅಂಕಿ ಹೇಳುವುದಿಲ್ಲ.