ಮಂಜೂರಾತಿ

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ವಾರಕ್ಕೊಂದು ಕಾರ್ಡು ಹಾಕುತ್ತಿದ್ದರು. ಆಗ ಕಾರ್ಡಿಗೆ 15 ಪೈಸೆ. ಮೊದಲು 'ಚಿ॥', ಅದರ ಬೆನ್ನಿಗೇ 'ಉ॥ ಕು॥ ಸಾಂ॥'. ಉಭಯ ಕುಶಲೋಪರಿ ಸಾಂಪ್ರತ ಎಂಬ ಮಾರುದ್ದದ ಮಾತನ್ನು ಮೂರಕ್ಷರಕ್ಕೆ ಇಳಿಸಿ, ಉಳಿದ ಜಾಗಕ್ಕೆ ಎಮ್ಮೆ ಕರು ಹಾಕಿದ್ದು, ಹಿತ್ತಿಲ ಬಾವಿ ಬತ್ತಿದ್ದು ಎಲ್ಲ ತುಂಬುತ್ತಿದ್ದರು. ಅಮ್ಮ ಹೇಳಿದ್ದು ಮಾತ್ರ ಯಾವಾಗಲೂ ಅಂಚಿನಲ್ಲಿ, ಅಡ್ಡಡ್ಡ. ಅದನ್ನು ಓದಲು ಕಾರ್ಡನ್ನು ಬಸ್ಸಿನ ಸ್ಟಿಯರಿಂಗಿನಂತೆ ತಿರುಗಿಸಬೇಕಿತ್ತು.

ಅಕ್ಷರ ಉಳಿಸುವ ಚಾಳಿ ನನಗೂ ಅಂಟಿತು.

ಆಫೀಸಿನಲ್ಲಿ ಬೆಳಗಾದರೆ ಈಮೇಲುಗಳ ಜಾತ್ರೆ. 'ತಲುಪಿದೆ', 'ಪರಿಶೀಲಿಸುತ್ತೇವೆ', 'ಮಂಜೂರಾಗಿದೆ' ಎಂದು ಬರೆದದ್ದನ್ನೇ ಬರೆದು ಬೆರಳು ಸೋತಿದ್ದಾಗ ಪಕ್ಕದ ಮೇಜಿನ ಹುಡುಗ ಆಟೋಹಾಟ್‌ಕೀ ತೋರಿಸಿಕೊಟ್ಟ. 2003ರಿಂದ ಪುಕ್ಕಟೆ ಸಿಗುತ್ತಿರುವ ಸರಕು. ಒಂದು ಸಾದಾ ಫೈಲಿನಲ್ಲಿ ಯಾವ ಕೀ ಒತ್ತಿದರೆ ಏನಾಗಬೇಕೆಂದು ಬರೆದು ಚಾಲೂ ಮಾಡಿದರೆ ಸಾಕು, ಪರದೆಯ ಮೂಲೆಯಲ್ಲಿ ಹಸಿರು 'ಎಚ್' ಒಂದು ಬಂದು ಕಾವಲು ಕೂರುತ್ತದೆ. ಅದರ ಭಾಷೆಯಲ್ಲಿ ಪ್ಲಸ್ ಅಂದರೆ ಶಿಫ್ಟ್, ಆಶ್ಚರ್ಯಸೂಚಕ ಅಂದರೆ ಆಲ್ಟ್. ಆಲ್ಟ್ ಒತ್ತುವುದರಲ್ಲಿ ಏನಾಶ್ಚರ್ಯವೋ!

ಒಂದು ವಾರದಲ್ಲಿ ನಲವತ್ತು ಶಾರ್ಟ್‌ಕಟ್ ಮಾಡಿದೆ. ಉಳಿದ ಸಮಯದಲ್ಲಿ ಇನ್ನೂ ಹತ್ತು ಮಾಡಿದೆ. ಇಂಗ್ಲಿಷಿನಲ್ಲಿ ಎ, ಪಿ, ಪಿ ಎಂದು ಕುಟ್ಟಿದರೆ 'ನಿಮ್ಮ ಮನವಿ ಮಂಜೂರಾಗಿದೆ' ಎಂಬ ಸಾಲು, ಕೆಳಗೆ ನನ್ನ ಹೆಸರು, ಹುದ್ದೆ, ಆಮೇಲೆ ಕಂಟ್ರೋಲ್-ಎಂಟರ್ ಕೂಡ ಅದೇ ಒತ್ತಿಕೊಂಡು ಮೇಲ್ ರವಾನೆ. ಮಾಮೂಲಾಗಿ ಸ್ಪೇಸ್ ಒತ್ತುವ ತನಕ ಅದು ಕಾಯುತ್ತದೆ. ಫೈಲಿನಲ್ಲಿ ಆ ಸಾಲಿನ ಮೊದಲಿಗಿರುವ ಎರಡು ಕೋಲನ್ನುಗಳ ನಡುವೆ ನಕ್ಷತ್ರ ಇಟ್ಟರೆ ಅಷ್ಟೂ ಕಾಯುವುದಿಲ್ಲ. ನಾನು ನಕ್ಷತ್ರ ಇಟ್ಟಿದ್ದೆ.

ಅಪ್ಪ ಈಗ ಮೊಬೈಲಿನಲ್ಲೇ ಈಮೇಲ್ ಬರೆಯುತ್ತಾರೆ. ಜಾಗಕ್ಕೆ ಬರವಿಲ್ಲದಿದ್ದರೂ 'ಉ॥ ಕು॥ ಸಾಂ॥' ಬಿಟ್ಟಿಲ್ಲ. ಭಾದ್ರಪದ ಹತ್ತಿರವಾದಾಗ ಬರೆದರು: 'ಗೌರಿ ಹಬ್ಬಕ್ಕೆ ಬರುವ ವಿಚಾರ ತಿಳಿಸುವುದು.' ಹಿಂದಿನ ಮೂರು ಹಬ್ಬಕ್ಕೂ ಇದೇ ಸಾಲು ಬಂದಿತ್ತು. ಆಫೀಸಿನ ಕಂಪ್ಯೂಟರಿನಲ್ಲೇ ಉತ್ತರಕ್ಕೆ ಕೂತೆ. ರಜೆ ಸಿಗುವುದಿಲ್ಲ ಅನ್ನುವುದನ್ನು ನೋವಾಗದಂತೆ ಹೇಳಬೇಕಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟುವ ದುರಭ್ಯಾಸ ನನ್ನದು. 'ಅಪ್ಪಾ' ಎಂದು ಶುರು ಮಾಡಿದೆ. ಎ, ಪಿ, ಪಿ...

ಕೊನೆಯ ಅಕ್ಷರಕ್ಕೆ ಬೆರಳು ಇಳಿಯುವಷ್ಟರಲ್ಲಿ ಮೇಲ್ ಹೋಗಿಯಾಗಿತ್ತು, ಹುದ್ದೆ ಸಮೇತ.

ಹತ್ತು ನಿಮಿಷದಲ್ಲಿ ಉತ್ತರ ಬಂತು. 'ಮಂಜೂರಾತಿ ತಲುಪಿತು. ಅಮ್ಮನಿಗೆ ಓದಿ ಹೇಳಿದೆ. ಹೋಳಿಗೆಗೆ ಬೇಳೆ ತರಲು ಹೊರಟಿದ್ದೇನೆ. ಯಾವ ಬಸ್ಸು ಎಂದು ತಿಳಿಸುವುದು.'