ಹಾರ ಹಾಕಿದ್ದಾಯ್ತು, ಆಮೇಲೆ?

ಇವತ್ತು ಸಂಜೆ ಟ್ರಸ್ಟ್ ಮೀಟಿಂಗ್. ಹೊಸ ಡೈರೆಕ್ಟರ್ ಮೇಡಂಗೆ ಶಾಲು, ಹಾರ ಎಲ್ಲ ಆಯ್ತು. ಹಿರಿಯ ಟ್ರಸ್ಟಿಯೊಬ್ಬರು "ಇನ್ನು ಎಲ್ಲ ನಿಮ್ಮದೇ ನೋಡಮ್ಮ" ಅಂದ್ರು. ಆಕೆ ಮೆಲ್ಲಗೆ ಕೇಳಿದ್ರು, "ಸರ್, ಚೆಕ್ಕಿಗೆ ಸಹಿ ಯಾರು ಹಾಕೋದು?" ಎಲ್ಲರೂ ತಂತಮ್ಮ ಕಾಫಿ ಲೋಟ ನೋಡ್ಕೊಂಡ್ರು.

ಬ್ಯಾಂಕಲ್ಲಿ ಇನ್ನೂ ಹಳಬರದೇ ಸಹಿ. ಬದಲಾಯಿಸೋಕೆ ಮೊದಲು ನಾವೇ ಠರಾವು ಪಾಸ್ ಮಾಡಬೇಕು, ಆಮೇಲೆ ಕೆವೈಸಿ. ವಿದೇಶಿ ದೇಣಿಗೆ ಪಡೆಯೋ ಸಂಸ್ಥೆಯಾದ್ರೆ ಮುಗೀತು: 2020ರ ಎಫ್‌ಸಿಆರ್‌ಎ ತಿದ್ದುಪಡಿ ಬಂದಮೇಲೆ ಆ ಹಣ ಮೊದಲು ಬಂದು ಬೀಳೋ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ಶೇ. 20ರ ಮಿತಿ ಬೇರೆ, ಮೊದಲು ಶೇ. 50 ಇತ್ತು. ಇದನ್ನೆಲ್ಲ ಕೂರಿಸ್ಕೊಂಡು ಹೇಳಿಕೊಡೋರು ಯಾರು?

ಸಲಹೆ ಕೊಡೋಕೆ ನಾವೆಲ್ಲ ರೆಡಿ. ದಾನಿಗಳ ಹತ್ರ ಕರ್ಕೊಂಡು ಹೋಗಿ "ಇನ್ಮೇಲೆ ಇವರ ಜೊತೆ ಮಾತಾಡಿ" ಅನ್ನೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಸಂಸ್ಥಾಪಕರು ಬೋರ್ಡಲ್ಲೇ ಉಳ್ಕೊಂಡಿದ್ರಂತೂ ಇನ್ನೂ ಫಜೀತಿ. ಸಿಬ್ಬಂದಿ ರಜೆ ಚೀಟಿ ಹಿಡ್ಕೊಂಡು ಅವರ ಮನೆಗೇ ಹೋಗ್ತಾರೆ. ಅವರೂ ಪಾಪ, ಅಭ್ಯಾಸಬಲ, "ಆಯ್ತು ಹೋಗ್ಬಾರಪ್ಪ" ಅಂದ್ಬಿಡ್ತಾರೆ. ಡೈರೆಕ್ಟರ್ ಮಾತಿಗೆ ಆಮೇಲೆ ಆಫೀಸಲ್ಲಿ ಏನು ಬೆಲೆ?

ನಿಮ್ಮ ಕಡೆ ಟ್ರಸ್ಟುಗಳಲ್ಲಿ ಹೆಂಗೆ? ಮೊದಲ ಆರು ತಿಂಗಳು ವಾರಕ್ಕೊಂದು ಫೋನ್ ಮಾಡಿ "ಏನಮ್ಮ, ಎಲ್ಲಾದ್ರೂ ಅಡ್ಡಿ ಇದೆಯಾ?" ಅಂತ ಕೇಳೋ ಅಧ್ಯಕ್ಷರು ಯಾರಾದ್ರೂ ಗೊತ್ತಿದ್ರೆ ಹೇಳಿ. ಮುಂದಿನ ಮೀಟಿಂಗಿಗೆ ಕರೆಸೋಣ, ಹಾರದ ಖರ್ಚು ನಂದು.