ಬುಗುರಿ ಕಲಿಸಿದ ಪಾಠ

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಕ್ಷ-ಕಿರಣದ ವಿಷಯವಾಗಿ ಬರೆಯಹೊರಟುದನ್ನು ಕಂಡು ವಿಜ್ಞಾನ ಓದಿದ ಮಿತ್ರರು ನಗಬಹುದು. ನಕ್ಕರೆ ನಗಲಿ. ಈ ವಿಷಯವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತಂಗಿಯ ಮುರಿದ ಕೈಯಿಂದ ಕಲಿತೆ.

ನಮ್ಮದು ಗುಂಡ್ಲುಪೇಟೆಯ ಸಮೀಪದ ಒಂದು ಹಳ್ಳಿ. ನಾನು ಪ್ರೌಢಶಾಲೆಯಲ್ಲಿದ್ದಾಗ ಒಂದು ಸಂಜೆ, ಒಂಬತ್ತು ವರ್ಷದ ನನ್ನ ತಂಗಿ ಹುಣಿಸೆಮರದಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡಳು. ಪೇಟೆಯಲ್ಲಿದ್ದ ಒಂದು ಸಣ್ಣ ಎಕ್ಸ್‌ರೇ ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿ ಆಗಿನ್ನೂ ಫಿಲ್ಮು ತೊಳೆಯುವ ಹಳೆಯ ಪದ್ಧತಿಯೇ ಇತ್ತು. ಮೊದಲನೆಯ ಚಿತ್ರ ತೀರ ಪೇಲವವಾಗಿ ಬಂದಿತು. ಎರಡನೆಯದು ಕಾಡಿಗೆಯಂತೆ ಕಪ್ಪಾಯಿತು. ಮೂರನೆಯದರಲ್ಲಿ ಎಲುಬಿನ ಬಿರುಕು ಕಂಡಿತು.

ಮರಳುವಾಗ ಬಸ್ಸಿನಲ್ಲಿ ಅವ್ವ ಮೆಲ್ಲನೆ ಕೇಳಿದಳು: “ಮೂರು ಸಲ ಹೊಡೆದರಲ್ಲಪ್ಪ, ಮಗೀಗೆ ಏನಾದ್ರೂ ಆದಾತ?” ಓದುವ ಮಗನೆಂದು ನನ್ನನ್ನು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಅವಳು ಮಲಗಲಿಲ್ಲ.

ಚಾಮರಾಜನಗರದಲ್ಲಿರುವ ನನ್ನ ಸೋದರಮಾವ ಇಂತಹ ಯಂತ್ರಗಳನ್ನು ಪರೀಕ್ಷಿಸುವ ಸಂಸ್ಥೆಯೊಂದರಲ್ಲಿ ಕೆಲಸಮಾಡುತ್ತಾರೆ. ಮರುದಿನ ಅವರಲ್ಲಿಗೆ ಹೋದೆವು. ಅವರು ಅವ್ವನನ್ನು ಮೊದಲು ಸಮಾಧಾನಪಡಿಸಿದರು. ಕೈಯ ಚಿತ್ರಕ್ಕೆ ಬೇಕಾಗುವ ಕಿರಣ ಅತ್ಯಲ್ಪ. ಮೂರು ಸಲದ್ದನ್ನು ಕೂಡಿದರೂ, ನೆಲ, ಗಾಳಿ, ಆಕಾಶಗಳಿಂದ ಒಂದು ದಿನದಲ್ಲಿ ನಮ್ಮೆಲ್ಲರ ಮೈಮೇಲೆ ಸಹಜವಾಗಿ ಬೀಳುವ ವಿಕಿರಣಕ್ಕಿಂತ ಕಡಿಮೆಯೇ ಎಂದರು. ಆಮೇಲೆ ನನ್ನತ್ತ ತಿರುಗಿ, “ಆದರೆ ಬೇಡದ್ದು ಹನಿಯಾದರೂ ಬೇಡವೇ ಕಣಪ್ಪ. ಮೂರು ಸಲ ಏಕಾಯಿತು ಎಂಬುದನ್ನು ತಿಳಿಯಬೇಕು” ಎಂದರು.

ನಮ್ಮ ದೇಶದಲ್ಲಿ ಈ ಯಂತ್ರಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸೇರಿದೆ. ಎರಡು ವರ್ಷಕ್ಕೊಮ್ಮೆಯಾದರೂ ಯಂತ್ರದ ಗುಣಪರೀಕ್ಷೆ ಆಗಬೇಕು. ಆ ಕೇಂದ್ರದ ಪರೀಕ್ಷೆಯ ಗಡುವು ಬಂದಾಗ ಮಾವ ನನ್ನನ್ನೂ ಜೊತೆಗೆ ಕರೆದುಕೊಂಡರು. ತೆರಕಣಾಂಬಿಯ ಹಾದಿಯಲ್ಲಿ ಬಸ್ಸು ಸಾಗುತ್ತಿರುವಾಗ ಅವರು ಹೇಳಿದ ಕತೆಯನ್ನು ನಾನು ಮರೆಯಲಾರೆ.

1895ರಲ್ಲಿ ರಾಂಟ್‌ಜನ್ ಈ ಕಿರಣವನ್ನು ಕಂಡುಹಿಡಿದ ಹೊಸದರಲ್ಲಿ ಅದನ್ನು ಅಳೆಯುವ ಸಾಧನವಿರಲಿಲ್ಲ. ಕಿರಣ ಎಷ್ಟು ಪ್ರಬಲವೆಂದು ತಿಳಿಯಲು ಕೆಲಸಗಾರರು ತಮ್ಮ ಕೈಯನ್ನೇ ಅಡ್ಡ ಹಿಡಿದು ಎಲುಬಿನ ನೆರಳನ್ನು ನೋಡುತ್ತಿದ್ದರು. ದಿನವೂ ಹಾಗೆ ಹಿಡಿದ ಕೈಗಳು ಸುಟ್ಟವು, ಕೊಳೆತವು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡ. ಅಂಥವರ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದನ್ನು 1936ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ನಿಲ್ಲಿಸಿದರು. “ಮಾಪಕವಿಲ್ಲದ ಕಡೆ ಮನುಷ್ಯನ ಮೈಯೇ ಮಾಪಕವಾಗುತ್ತದೆ” ಎಂದು ಮಾವ ಮಾತು ಮುಗಿಸಿದರು. ನನಗೆ ತಂಗಿಯ ಕೈ ನೆನಪಾಯಿತು.

ಕೇಂದ್ರದಲ್ಲಿ ಮಾವ ಮೊದಲು ವೋಲ್ಟೇಜನ್ನು ನೋಡಿದರು. ನಮ್ಮ ಮನೆಯ ವಿದ್ಯುತ್ತು 230 ವೋಲ್ಟಾದರೆ ಈ ಯಂತ್ರದ ಕೊಳವೆಗೆ 60,000 ವೋಲ್ಟ್ ಬೇಕಾಗುತ್ತದೆ. ಅಲ್ಲಿಗೆ ತಂತಿ ತಗುಲಿಸಿ ಅಳೆಯುವುದು ಅಪಾಯ. ಆದುದರಿಂದ ಹೊರಬಂದ ಕಿರಣವನ್ನೇ ವಿಚಾರಿಸುತ್ತಾರೆ. ಮೇಜಿನ ಮೇಲಿಟ್ಟ ಪುಟ್ಟ ಮಾಪಕದೊಳಗೆ ಎರಡು ಗ್ರಾಹಕಗಳಿದ್ದು, ಒಂದರ ಮೇಲೆ ತೆಳುವಾದ, ಇನ್ನೊಂದರ ಮೇಲೆ ದಪ್ಪನಾದ ಲೋಹದ ಹಾಳೆ ಇರುತ್ತದೆ. ವೋಲ್ಟೇಜು ಏರಿದಷ್ಟೂ ದಪ್ಪ ಹಾಳೆಯನ್ನು ತೂರಿಬರುವ ಪಾಲು ಹೆಚ್ಚುತ್ತದೆ. ಎರಡರ ಅನುಪಾತದಿಂದ ವೋಲ್ಟೇಜು ತಿಳಿಯುತ್ತದೆ. ಯಂತ್ರದ ಗುಬುಟನ್ನು 60 ಕಿಲೋವೋಲ್ಟಿಗೆ ತಿರುಗಿಸಿದ್ದರೂ ಮಾಪಕ 52 ಎಂದಿತು. 5 ಕಿಲೋವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸ ಸಲ್ಲದು.

ಮಾಪಕ ಕಾಲವನ್ನೂ ತೋರಿಸಿತು. ಆದರೆ ಮಾವ ನನಗಾಗಿ ಚೀಲದಿಂದ ಲೋಹದ ಒಂದು ಬುಗುರಿಯನ್ನು ತೆಗೆದರು! ಅದರ ತಟ್ಟೆಯ ಅಂಚಿನಲ್ಲಿ ಒಂದು ತೂತು. ಫಿಲ್ಮಿನ ಪೆಟ್ಟಿಗೆಯ ಮೇಲೆ ಅದನ್ನು ತಿರುಗಿಸಿ, ನಾವು ಸೀಸದ ತಡಿಕೆಯ ಹಿಂದೆ ನಿಂತು, ಕಾಲವನ್ನು 0.1 ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದೆವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಮಾಡುತ್ತದೆ. ಆ ಹಳೆಯ ಬಗೆಯ ಯಂತ್ರದಲ್ಲಿ ಪ್ರತಿ ಆವರ್ತಕ್ಕೆ ಎರಡರಂತೆ ಸೆಕೆಂಡಿಗೆ 100 ಸಲ ಕಿರಣ ಮಿಡಿಯುತ್ತದೆ. ಒಂದೊಂದು ಮಿಡಿತಕ್ಕೂ ತೂತಿನ ಮೂಲಕ ಒಂದೊಂದು ಚುಕ್ಕೆ ಮೂಡುತ್ತದೆ. 0.1 ಸೆಕೆಂಡಿಗೆ 10 ಚುಕ್ಕೆ ಇರಬೇಕು. ಫಿಲ್ಮು ತೊಳೆದು ಎಣಿಸಿದೆ: 13! ನೂರಕ್ಕೆ ಹತ್ತು ಭಾಗದ ವ್ಯತ್ಯಾಸವನ್ನಷ್ಟೇ ಒಪ್ಪುವ ಕಡೆ ಮೂವತ್ತು ಭಾಗ. ಈಗಿನ ಹೊಸ ಬಗೆಯ ಯಂತ್ರಗಳಲ್ಲಿ ಕಿರಣ ಬಹುಮಟ್ಟಿಗೆ ಎಡೆಬಿಡದೆ ಹರಿಯುವುದರಿಂದ ಚುಕ್ಕೆಗಳು ಬಿಡಿಬಿಡಿಯಾಗಿ ಮೂಡುವುದಿಲ್ಲ; ಈ ಬುಗುರಿಗೆ ಅಲ್ಲಿ ಕೆಲಸವಿಲ್ಲ.

ಒಗಟು ಬಿಡಿಸಿತು. ಸಂಜೆ ಸುತ್ತಲಿನ ತೋಟಗಳ ಪಂಪುಗಳು ಓಡುವ ಹೊತ್ತಿಗೆ ಲೈನಿನ ಬಲ ಮೊದಲೇ ಕುಗ್ಗಿತ್ತು. ಯಂತ್ರವೂ ವೋಲ್ಟೇಜನ್ನು ಕಡಿಮೆ ಕೊಟ್ಟಿತು. ಚಿತ್ರ ಪೇಲವವಾಯಿತು. ಅಲ್ಲಿನ ನೌಕರ ಅಂದಾಜಿನ ಮೇಲೆ ವೋಲ್ಟೇಜನ್ನೂ ಕಾಲವನ್ನೂ ಏರಿಸಿದ. ಕಾಲವೋ ತಾನಾಗಿಯೇ ಹೆಚ್ಚಿಗೆ ಓಡುತ್ತಿತ್ತು. ಚಿತ್ರ ಕಪ್ಪಾಯಿತು. ಅಂದು ಅವನ ಮೇಲೆ ನಾನು ಮನಸ್ಸಿನಲ್ಲೇ ಸಿಟ್ಟಾಗಿದ್ದೆ. ಪಾಪ, ಅವನು ಗುಬುಟಿನ ಅಂಕಿಯನ್ನು ನಂಬಿದ್ದ.

ಯಂತ್ರವನ್ನು ರಿಪೇರಿಮಾಡಿಸಿದ ಮೇಲೆ ಮಾವ ಮತ್ತೊಮ್ಮೆ ಬುಗುರಿ ತಿರುಗಿಸಿದರು. ಚುಕ್ಕೆಗಳು ಸರಿಯಾಗಿ 10 ಬಂದವು. ಆ ಫಿಲ್ಮನ್ನು ಕೇಳಿ ಪಡೆದು ಮನೆಗೆ ತಂದೆ.

ನಾವು ಓದುವವರು ಅಚ್ಚಾದ ಅಂಕಿಯನ್ನು ಬಲುಬೇಗ ನಂಬಿಬಿಡುತ್ತೇವೆ. ಅಂಕಿ ಹೇಳುವುದು ಯಂತ್ರ ಏನು ಮಾಡಬೇಕು ಎಂಬುದನ್ನು. ಅದು ಏನು ಮಾಡುತ್ತಿದೆ ಎಂಬುದನ್ನು ಯಾರಾದರೂ ಹೋಗಿ ಎಣಿಸಬೇಕು.

ಅವ್ವ ಫಿಲ್ಮನ್ನು ದೀಪಕ್ಕೆ ಹಿಡಿದು ಒಂದೊಂದಾಗಿ ಚುಕ್ಕೆಗಳನ್ನು ಎಣಿಸಿದಳು. ಹತ್ತಾದ ಮೇಲೆ ಕೆಳಗಿಟ್ಟು ಹೇಳಿದಳು: “ಆ ಬುಗುರೀನ ಒಂದಷ್ಟು ದಿನ ಮುಂಚೆ ಆಡಿಸಿದ್ರೆ ಆಗ್ತಿರಲಿಲ್ವಾ?”

ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ.